ನೂರಿಪ್ಪತ್ತು ಕುರ್ಚಿ

ಕುರ್ಚಿ ಬಾಡಿಗೆ ಕೊಡೋನು ನಾನು.
ಮದುವೆಗೆ ಕೆಂಪು ಗವಸು, ತಿಥಿಗೆ ಬರೀ ಪ್ಲಾಸ್ಟಿಕ್ಕು,
ಎಲೆಕ್ಷನ್ನಿಗೆ ದುಡ್ಡು ಪೂರ್ತಿ ಎಣಿಸಿಕೊಂಡ ಮೇಲೇ ಲೋಡು.
ಲಗ್ಗೆರೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಜನ ಕೂರೋದನ್ನೇ ನೋಡಿದ್ದೇನೆ,
ಸಾಲಾಗಿ, ಮುಂದಿನವರ ನೆತ್ತಿ ನೋಡುತ್ತ.

ಆ ಭಾನುವಾರ ಸರ್ಕಾರಿ ಶಾಲೆಯ ಅಂಗಳಕ್ಕೆ
ನೂರಿಪ್ಪತ್ತು ಹೇಳಿದ್ದರು. ನೆರೆಹೊರೆ ಸಮಾವೇಶವಂತೆ.
ಚೀಫ್ ಗೆಸ್ಟು ಯಾರು, ಕೇಳಿದೆ.
‘ಯಾರೂ ಇಲ್ಲಣ್ಣ, ನಾವೇ’
ಅಂದಳು ಗಾರ್ಮೆಂಟ್ಸಿನ ಹೊಂಬಾಳಮ್ಮ.
ಹಾಗಾದರೆ ಅರವತ್ತು ಸಾಕೆಂದು ಮನಸ್ಸಲ್ಲೇ ಕಳೆದೆ.
ಇಳಿಸಿದ್ದು ಮಾತ್ರ ನೂರಿಪ್ಪತ್ತು. ಬಾಡಿಗೆ ಬಾಡಿಗೆಯೇ.

ಹುಡುಗರು ಜೋಡಿಸಿದ ಸಾಲನ್ನೆಲ್ಲ ಅವಳು
ಗೋಡೆಗೆ ದಬ್ಬಿಸಿದಳು.
ಬರಿದಾದ ಅಂಗಳದಲ್ಲಿ ರಂಗೋಲಿ ಪುಡಿ ಹಿಡಿದು ಬಗ್ಗಿ
ಎಳೆದದ್ದು ಹೂವಲ್ಲ, ಬಳ್ಳಿಯಲ್ಲ,
ನಮ್ಮ ಏಳನೇ ಕ್ರಾಸು.
ಆಮೇಲೆ ಎಂಟನೆಯದು, ಹೂಳು ತುಂಬಿದ ಮೋರಿ,
ಮಸೀದಿ ತಿರುವು, ಹಾಲಿನ ಬೂತು,
ಟ್ರಾನ್ಸ್‌ಫಾರ್ಮರಿಗೊಂದು ಕುಂಕುಮದ ಬೊಟ್ಟು.

‘ಎಲ್ಲರೂ ಅವರವರ ಮನೆ ಮೇಲೆ ನಿಂತ್ಕೊಳ್ಳಿ.’

ಮೊದಲು ಯಾರೂ ಕದಲಲಿಲ್ಲ.
ಬಿಸ್ಕತ್ತು ಅದ್ದಿಕೊಂಡು ಟೀ ಮುಗಿಸಿದರು.
ಆಮೇಲೆ ನಜ್ಮುನ್ನೀಸಾ ಬೇಗಂ
ಗೆರೆಯ ಆಚೆ ಚಪ್ಪಲಿ ಬಿಟ್ಟು
ದಿನಾ ಒಳಗೆ ಹೋಗುವ ಹಾಗೇ ಹೋಗಿ ನಿಂತರು.
ಪಕ್ಕದ ಚೌಕದಲ್ಲಿ ಪೇಂಟರ್ ಅಂತೋಣಿ.
ಕಾಂಪೌಂಡಿನ ಕೇಸು ನಡೀತಿದೆ ಇಬ್ಬರಿಗೂ,
ನಡುವೆ ಈಗ ಒಂದೆಳೆ ಬಿಳಿ ಪುಡಿ.
ಗಾಳಿ ಬಂತು.
ಗೋಡೆ ಅರ್ಧ ಅಡಿ ಅಂತೋಣಿ ಕಡೆ ಸರಿಯಿತು.
ಇಬ್ಬರೂ ನೋಡಿದರು.
ನಗಲಿಲ್ಲ ಅಂದರೆ ಸುಳ್ಳಾದೀತು.

ನೀರಿನ ಮಾತಿಗೆ ದನಿ ಏರಿತು.
ವಾಲ್ವ್ ತಿರುಗಿಸುವ ಮಾರೇಗೌಡನ ಮೇಲೆ ಎಲ್ಲರ ಬಾಯಿ:
ಕೈ ಬೆಚ್ಚಗೆ ಮಾಡಿದವರಿಗೆ ಸಂಜೆ ಆರಕ್ಕೆ,
ನಮಗೆ ಮಾತ್ರ ನಡುರಾತ್ರಿ ಮೂರಕ್ಕಾ?
ಅವನು ಮೂಲೆಯಲ್ಲಿ, ಆಳುದ್ದ ಕಬ್ಬಿಣದ ಕೀಲಿ ಊರಿಕೊಂಡು,
ಮಾತಿಲ್ಲ.
ಬೊಗಸೆ ನೀಲಿ ಪುಡಿ ಇಸಿದುಕೊಂಡು
ನೆಲದಡಿಯ ಪೈಪು ಎಳೆಯುತ್ತ ಹೊರಟ
ಟ್ಯಾಂಕಿನಿಂದ, ಜನರ ಕಾಲ ಸಂದಿಯಲ್ಲಿ,
‘ಸ್ವಲ್ಪ ಸರೀರಿ, ಸ್ವಲ್ಪ ಸರೀರಿ.’
ಎಂಟನೇ ಕ್ರಾಸಿನ ಏರಿನಲ್ಲಿ ಪುಡಿ ಮುಗಿಯಿತು.
‘ಇಷ್ಟೇ’ ಅಂದ. ‘ನೀರೂ ಇಲ್ಲಿಗೆ ಇಷ್ಟೇ.
ಕೆಳಗಿನೋರೆಲ್ಲ ಹಿಡಿದು ಮಲಗಿದ ಮೇಲೆ
ಹತ್ತತ್ತೆ ಇಲ್ಲಿಗೆ. ಅದಕ್ಕೇ ಮೂರು.’

ಏರಿನ ಒಂಬತ್ತು ಮನೆಯವರು
ತಮ್ಮ ಬರಿಗಾಲು ನೋಡಿಕೊಂಡರು.
ಕೆಳಗಿನವರೂ ನೋಡಿದರು, ಆ ಕಾಲುಗಳನ್ನೇ.

ಪರಿಹಾರ ಗಿರಿಹಾರ ಏನೂ ಆಗಲಿಲ್ಲ ಅವತ್ತು.
ಶುಕ್ರವಾರ ಹತ್ತಕ್ಕೇ ಸಂಪಿನ ನಲ್ಲಿ ಕಟ್ಟುತ್ತೇವೆಂದು
ಹದಿನಾಲ್ಕು ಮನೆಯವರು ಒಪ್ಪಿದರು.
ಹದಿಮೂರು. ಒಬ್ಬರು
ಮಗಳನ್ನು ಕೇಳಿ ಹೇಳುತ್ತೇವೆಂದರು.
ಮೋರಿ ವಿಷಯ ಮುಂದಿನ ಸಲಕ್ಕೆ.
ನನ್ನ ಕುರ್ಚಿಗಳಲ್ಲಿ ಆ ದಿನ ಕೂತವರೇ ಕಡಿಮೆ,
ಗೋಡೆಗೆ ಬೆನ್ನು ಕೊಟ್ಟು
ಅವೇ ಜನರನ್ನು ನೋಡುತ್ತಿದ್ದವು.

ಸಂಜೆ ಎಣಿಸಿದೆ, ಎರಡು ಸಲ.
ನೂರಹತ್ತೊಂಬತ್ತು.

ಮೊನ್ನೆ ಮದುವೆ ಲೋಡು ಇಳಿಸಿ ವಾಪಸು ಬರುವಾಗ
ರಾತ್ರಿ ಮೂರು.
ಎಂಟನೇ ಕ್ರಾಸಿನ ಏರಲ್ಲಿ, ಬೀದಿದೀಪದಡಿ,
ಬೆನ್ನ ಮೇಲೆ ನನ್ನದೇ ಅಂಗಡಿ ಹೆಸರು.
ಮಾರೇಗೌಡ ಕೂತಿದ್ದ,
ಕೀಲಿ ತೊಡೆಯ ಮೇಲೆ ಅಡ್ಡ, ಕಿವಿ ನೆಲದ ಕಡೆ.
ಪಕ್ಕದಲ್ಲಿ ಯಾರ ಮನೆಯದೋ ಫ್ಲಾಸ್ಕು.
ಗಾಡಿ ನಿಲ್ಲಿಸಲಿಲ್ಲ ನಾನು.

ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ:
ಕುರ್ಚಿ ಒಂದು, ವಾಪಸು ಬಾಕಿ.
ದಿನಾಂಕದ ಕಾಲಂ
ಖಾಲಿ ಬಿಟ್ಟಿದ್ದೇನೆ.